‘ಉಲ್ಟಾ’ ಅಂದರೆ ಯಾವ ಉಲ್ಟಾ? ಪಿಕಪ್‌ಗೆ ರಿವರ್ಸ್ ಕ್ಯಾಮೆರಾ ಕೂರಿಸಲು ಹೋಗಿ ಸಿಕ್ಕಿಬಿದ್ದ ಪದ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಕನ್ನಡಿಯಲ್ಲಿ ಅಕ್ಷರ ಕಾಣುತ್ತಲ್ಲ, ಎಡಗಡೆಯದು ಬಲಕ್ಕೆ ಬಂದು, ಅದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ‘ಉಲ್ಟಾ’ ಅನ್ನಬೇಡಿ. ನಾನು ಅದನ್ನೇ ಬರೆದು ನಮ್ಮ ಭಾವನ ಗಾಡಿಗೆ ಪೆಟ್ಟು ಮಾಡಿಸಿದ್ದೇನೆ.

ಭಾವನ ಹತ್ತಿರ ಒಂದು ಬೊಲೆರೊ ಪಿಕಪ್ ಇದೆ. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಂಡಿಗೆ ಟೊಮೆಟೊ ಲೋಡ್ ಹೊಡೆಯುತ್ತಾರೆ. 15 ಕೆಜಿ ಬಾಕ್ಸುಗಳನ್ನು ಕ್ಯಾಬಿನ್‌ಗಿಂತ ಎತ್ತರಕ್ಕೆ ಜೋಡಿಸಿ ಹಗ್ಗ ಬಿಗಿದ ಮೇಲೆ ಒಳಗಿನ ಕನ್ನಡಿಯಲ್ಲಿ ಕಾಣುವುದು ಬರೀ ಬಾಕ್ಸು. ಇಷ್ಟು ದಿನ ಜೊತೆಗಿದ್ದ ಹುಡುಗ ಇಳಿದು ಹಿಂದೆ ನಿಂತು ‘ಬರ್ಲಿ, ಬರ್ಲಿ, ಬರ್ಲಿ’ ಅಂತ ಕೂಗಿ, ಸಾಕು ಅನ್ನಿಸಿದಾಗ ಗಾಡಿಯ ಬಾಡಿ ಮೇಲೆ ಎರಡು ಸಲ ತಟ್ಟುತ್ತಿದ್ದ. ಈಗ ಅವನು ಕೆಲಸ ಬಿಟ್ಟ. ಭಾವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಂದು ಕ್ಯಾಮೆರಾ ಸೆಟ್ ತಂದರು. ಜೊತೆಗಿದ್ದ ಹಾಳೆ ಇಂಗ್ಲಿಷಿನಲ್ಲಿತ್ತು, ಅದೂ ಎಂಥದೋ ಅರೆಬರೆ ಇಂಗ್ಲಿಷ್. ‘ಓದಿದವನು ನೀನು, ಕನ್ನಡದಲ್ಲಿ ಬರೆದುಕೊಡು, ನಾನೇ ಕೂರಿಸ್ಕೊಳ್ತೀನಿ’ ಅಂದರು.

ಮೊದಲನೆಯದು ಹೆಸರು. ಹಾಳೆಯಲ್ಲಿ ‘ಬ್ಯಾಕಪ್ ಕ್ಯಾಮೆರಾ’ ಅಂತಿತ್ತು. ಅದು ಅಮೆರಿಕದವರ ಮಾತು, ಅಲ್ಲಿ ಗಾಡಿ ಹಿಂದಕ್ಕೆ ತೆಗೆಯುವುದಕ್ಕೇ ಬ್ಯಾಕಪ್ ಅನ್ನುತ್ತಾರೆ. ನಮ್ಮಲ್ಲಿ ಬ್ಯಾಕಪ್ ಅಂದರೆ ಯುಪಿಎಸ್ಸು, ಬ್ಯಾಟರಿ, ಇಲ್ಲಾ ಫೋನಿನ ಫೋಟೊ ಬೇರೆ ಕಡೆ ಉಳಿಸಿಡುವುದು. ನಾನು ಅದನ್ನು ಹಾಗೇ ಬಿಟ್ಟಿದ್ದೆ. ಭಾವ ಓದಿ ಕೇಳಿದರು, ‘ಎಷ್ಟು ಗಂಟೆ ಬ್ಯಾಕಪ್ ಬರುತ್ತೆ ಇದು?’

‘ರಿವರ್ಸ್ ಕ್ಯಾಮೆರಾ’ ಅಂತ ತಿದ್ದಿದೆ. ಇದರ ಬಗ್ಗೆ ನನಗೆ ತಕರಾರಿಲ್ಲ. ‘ರಿವರ್ಸ್’ ನಮ್ಮ ಕ್ರಿಯಾಪದಗಳ ಜೊತೆ ಚೆನ್ನಾಗಿ ಸಂಸಾರ ಮಾಡಿಕೊಂಡಿದೆ. ರಿವರ್ಸ್ ಹಾಕುವುದು ಬೇರೆ, ರಿವರ್ಸ್ ತಗೊಳ್ಳುವುದು ಬೇರೆ, ಅಲ್ವಾ? ಹಾಕುವುದು ಗೇರು, ತಗೊಳ್ಳುವುದು ಗಾಡಿ. ‘ರಿವರ್ಸ್ ಹಾಕಿ ನೋಡಿ, ತಗೊಳ್ಳಬೇಡಿ’ ಅಂತ ಬರೆದೆ. ಗಾಡಿ ಅಲ್ಲಾಡಿಸದೆ ಸ್ಕ್ರೀನ್ ಹೊತ್ತಿಕೊಳ್ಳುತ್ತಾ ಅಂತ ನೋಡಿ ಅನ್ನುವುದು ಅಷ್ಟರಲ್ಲೇ ಮುಗಿಯಿತು. ಗೆಳೆಯರೊಬ್ಬರು ‘ಹಿಂಗಣ್ಣು’ ಅನ್ನಿ ಅಂದರು. ಹಿಂಗಾಲು, ಮುಂಗೈ ಇದ್ದ ಹಾಗೆ, ಸಂಧಿಯೂ ಸರಿಯಾಗಿದೆ. ಆದರೆ ಅಂಗಡಿಯಲ್ಲಿ ‘ಒಂದು ಹಿಂಗಣ್ಣು ಕೊಡಿ’ ಅಂದರೆ ಕಣ್ಣಾಸ್ಪತ್ರೆಗೆ ದಾರಿ ತೋರಿಸುತ್ತಾರೆ. ‘ಹಿನ್ನೋಟ’ವನ್ನು ಪತ್ರಿಕೆಯವರು ಡಿಸೆಂಬರ್ ಕೊನೆಯ ವಾರಕ್ಕೆ ಎತ್ತಿಟ್ಟುಕೊಂಡಿದ್ದಾರೆ. ‘ಹಿನ್ನಡೆ’ ಅಂತೂ ಚುನಾವಣೆಗೆ ಹೋಯಿತು.

‘ಆಫ್ಟರ್‌ಮಾರ್ಕೆಟ್’ ಅನ್ನುವುದಕ್ಕೆ ಪದ ಹುಡುಕುವ ಕೆಲಸವೇ ಬರಲಿಲ್ಲ. ಗ್ಯಾರೇಜಿನಲ್ಲಿ ಎರಡೇ ಜಾತಿ: ಕಂಪನಿ ಫಿಟ್ಟಿಂಗ್, ಹೊರಗಡೆ ಹಾಕಿಸಿದ್ದು. ‘ಲೋಕಲ್’ ಅಂತಲೂ ಅನ್ನುತ್ತಾರೆ, ಆದರೆ ಅದರಲ್ಲಿ ಮಾಲು ಕಳಪೆ ಅನ್ನುವ ವಾಸನೆ ಇದೆ.

ಅರ್ತ್ ವಿಷಯದಲ್ಲಿ ಮಾತ್ರ ನನ್ನ ಮರ್ಯಾದೆ ಹೋಯಿತು. ಕ್ಯಾಮೆರಾಗೆ ಬೇಕಾದ 12 ವೋಲ್ಟ್ ಕರೆಂಟನ್ನು ರಿವರ್ಸ್ ಲೈಟಿನ ವೈರಿನಿಂದ ತೆಗೆಯುತ್ತಾರೆ. ಗೇರ್ ಹಾಕಿದ ಕೂಡಲೇ ಸ್ಕ್ರೀನ್ ತಾನಾಗಿ ಬರಲಿ ಅಂತ ಅದಕ್ಕೂ ಅಲ್ಲಿಂದಲೇ ಒಂದು ಎಳೆ ಹೋಗುತ್ತದೆ. ಇನ್ನೊಂದು ಕಪ್ಪು ವೈರು ಚಾಸಿಸ್‌ಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ. ನಾನು ಜಂಬದಲ್ಲಿ ‘ಭೂಸಂಪರ್ಕ ಕೊಡಿ’ ಅಂತ ಬರೆದಿದ್ದೆ. ‘ಗಾಡಿ ರಬ್ಬರ್ ಟೈರ್ ಮೇಲೆ ನಿಂತಿರುತ್ತಲ್ಲಪ್ಪಾ, ಭೂಮಿಗೆ ಹೆಂಗೆ ಸಂಪರ್ಕ?’ ಅಂದರು ಭಾವ. ಸರಿಯಾದ ಮಾತು. ಗಾಡಿಯಲ್ಲಿ ಭೂಮಿಯ ಪ್ರಶ್ನೆಯೇ ಇಲ್ಲ, ಬ್ಯಾಟರಿಯ ನೆಗೆಟಿವ್ ಚಾಸಿಸ್‌ಗೆ ಸೇರಿರುತ್ತದೆ, ಅಷ್ಟೇ. ಮೆಕ್ಯಾನಿಕ್‌ಗಳ ‘ಬಾಡಿ ಅರ್ತ್’ ನನ್ನ ಭೂಸಂಪರ್ಕಕ್ಕಿಂತ ಎಷ್ಟೋ ಖಚಿತ. ಆಮೇಲೆ ಪೇಂಟ್ ಇರುವ ಜಾಗದಲ್ಲೇ ಬೋಲ್ಟ್ ಬಿಗಿದು ಚಿತ್ರ ನಡುಗಲು ಶುರುವಾದಾಗ ಭಾವ ಫೋನ್ ಮಾಡಿ ‘ಅರ್ತ್ ಸರಿಯಾಗಿ ಆಗಿಲ್ಲ ಕಣೋ’ ಅಂದರು. ನಾನು ಬರೆದದ್ದು ಅರ್ಥವಾಗಿಲ್ಲ ಅಂದುಕೊಂಡು ಆ ಸಾಲನ್ನೇ ಎರಡು ಸಲ ಬಿಡಿಸಿ ಹೇಳಿದೆ. ಅವರು ಅಷ್ಟರಲ್ಲಿ ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ ಮುಗಿಸಿದ್ದರು.

ಒಂದು ಒಳ್ಳೆಯ ಪದ ಅವರಿಂದಲೇ ಸಿಕ್ಕಿತು. ‘ಬ್ಲೈಂಡ್ ಸ್ಪಾಟ್’ಗೆ ನಾನು ‘ಕುರುಡು ಜಾಗ’ ಅಂತ ಹಾಕಿದ್ದೆ. ಅವರು ‘ಮರೆ’ ಅಂದರು. ‘ಲೋಡ್ ಜಾಸ್ತಿ ಇದ್ದರೆ ಹಿಂದೆಲ್ಲ ಮರೆ ಆಗುತ್ತೆ.’ ಜಾಗ ಯಾಕೆ ಕುರುಡಾಗುತ್ತೆ ಹೇಳಿ, ಕಾಣದಿರುವುದು ನಮಗೆ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ 10,000 ಪೌಂಡ್‌ಗಿಂತ ಕಡಿಮೆ ತೂಕದ ಎಲ್ಲ ಹೊಸ ಗಾಡಿಗಳಿಗೂ, ಪಿಕಪ್ ಸೇರಿ, ಇಂಥ ಕ್ಯಾಮೆರಾ ಕಡ್ಡಾಯ. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಸ್ಕ್ರೀನಿನಲ್ಲಿ ಕಾಣಬೇಕು ಅಂತ ನಿಯಮ. ಆ 10 ಅಡಿ, 20 ಅಡಿಯೇ ನಮ್ಮ ಮರೆ. (ಹಾಗೇ ಒಂದು ಮಾತು: ಪಿಕಪ್‌ನ ಹಿಂದಿನ ಡೋರಿಗೆ ಕ್ಯಾಮೆರಾ ಕೂರಿಸಬೇಡಿ. ಡೋರ್ ಕೆಳಗೆ ಬಿಟ್ಟರೆ ಅದು ನೆಲ ನೋಡುತ್ತಾ ಕೂರುತ್ತೆ. ಕೆಳಗೆ ನಂಬರ್ ಪ್ಲೇಟ್ ಹತ್ತಿರ ವಾಸಿ, ಕೆಸರು ಒರೆಸುತ್ತಿರಬೇಕು ಅಷ್ಟೇ.)

ಈಗ ಉಲ್ಟಾ ಕತೆ. ಕ್ಯಾಮೆರಾದ ವೈರಿನ ಬುಡದಲ್ಲಿ ಒಂದು ಪುಟ್ಟ ಕುಣಿಕೆ ಇತ್ತು. ಅದನ್ನು ಕತ್ತರಿಸಿದರೆ ಚಿತ್ರದ ಎಡಬಲ ತಿರುಗುತ್ತದೆ. ಒಂದೇ ಕ್ಯಾಮೆರಾವನ್ನು ಗಾಡಿಯ ಹಿಂದೆಯೂ ಹಾಕಬಹುದು, ಮುಂದೆಯೂ ಹಾಕಬಹುದು, ಅದಕ್ಕೆ ಈ ಏರ್ಪಾಡು. ಹಿಂದೆ ಹಾಕಿದ್ದಕ್ಕೆ ಚಿತ್ರ ಕನ್ನಡಿಯಲ್ಲಿ ಕಂಡಂತೆಯೇ ಬರಬೇಕು. ಡ್ರೈವರ್ ಮುಂದಕ್ಕೆ ಮುಖ ಮಾಡಿ ಕೂತಿರುತ್ತಾನೆ, ಕ್ಯಾಮೆರಾ ಹಿಂದಕ್ಕೆ ಮುಖ ಮಾಡಿರುತ್ತದೆ, ಅದರ ಎಡ ಇವನ ಬಲ. ತಿರುಗಿಸದೆ ತೋರಿಸಿದರೆ ಬಲಗಡೆ ಇರುವ ಗೋಡೆ ಸ್ಕ್ರೀನಿನ ಎಡಗಡೆ ಕಾಣುತ್ತದೆ. ಇಂಗ್ಲಿಷ್ ಹಾಳೆ ಇದನ್ನು ‘ಮಿರರ್’ ಮತ್ತು ‘ನಾರ್ಮಲ್’ ಅಂತ ಕರೆದಿತ್ತು. ಹಿಂದಿನ ಕ್ಯಾಮೆರಾಗೆ ಮಿರರೇ ಸರಿ, ನಾರ್ಮಲ್ಲೇ ತಪ್ಪು! ಅದನ್ನು ವಿವರಿಸುವ ಬದಲು ನಾನು ‘ಚಿತ್ರ ಉಲ್ಟಾ ಬಂದರೆ ಕುಣಿಕೆ ಕತ್ತರಿಸಿ’ ಅಂತ ಬರೆದು ಕೈತೊಳೆದುಕೊಂಡೆ.

ಭಾವ ಎಲ್ಲ ಕೂರಿಸಿ ರಿವರ್ಸ್ ಹಾಕಿದರು. ಚಿತ್ರ ಬಂತು. ಹಿಂದೆ ನಿಂತಿದ್ದ ಟಾಟಾ ಏಸ್‌ನ ನಂಬರ್ ಪ್ಲೇಟ್ ತಿರುಗಿಕೊಂಡು ಕಂಡಿತು, ಕನ್ನಡಿಯಲ್ಲಿ ಕಾಣುವ ಹಾಗೆ. ‘ಅಕ್ಷರ ಉಲ್ಟಾ ಬಂದಿದೆ’ ಅಂತ ಕುಣಿಕೆ ಕತ್ತರಿಸಿದರು. ನಂಬರ್ ನೀಟಾಗಿ ಓದುವ ಹಾಗಾಯಿತು. ಮಾರನೇ ದಿನ ಮಂಡಿಯಲ್ಲಿ ಸ್ಕ್ರೀನಿನ ಎಡಕ್ಕೆ ಬಾಕ್ಸುಗಳ ರಾಶಿ ಕಂಡಿತಂತೆ. ಅದನ್ನು ತಪ್ಪಿಸಲು ಗಾಡಿಯ ಹಿಂಭಾಗವನ್ನು ಬಲಕ್ಕೆ ತಗೊಂಡರು. ರಾಶಿ ಇದ್ದದ್ದೇ ಬಲಕ್ಕೆ. ಪುಣ್ಯಕ್ಕೆ ಖಾಲಿ ಬಾಕ್ಸು. ಟೇಲ್ ಲೈಟಿನ ಗ್ಲಾಸ್ ಒಂದು ಹೋಯಿತು.

ನಾನು ಹೇಳಿದ ಉಲ್ಟಾ ದಿಕ್ಕಿನದು, ಅವರು ಓದಿದ ಉಲ್ಟಾ ಅಕ್ಷರದ್ದು. ಅವರದೇನೂ ತಪ್ಪಿಲ್ಲ. ನಾವು ‘ಉಲ್ಟಾ’ವನ್ನು ಎಲ್ಲದಕ್ಕೂ ಹಚ್ಚುತ್ತೇವೆ. ಸಾಕ್ಷಿ ಉಲ್ಟಾ ಹೊಡೆಯುತ್ತಾನೆ, ಅಂಗಿ ಉಲ್ಟಾ ಹಾಕಿಕೊಳ್ಳುತ್ತೇವೆ, ಲೋಟ ಉಲ್ಟಾ ಇಡುತ್ತೇವೆ. ಕೂತು ಯೋಚಿಸಿದರೆ ಲೋಟಕ್ಕೆ ‘ಬೋರಲು’, ‘ತಲೆಕೆಳಗು’ ಇದೆ, ಅಂಗಿಯ ಎದೆ ಬೆನ್ನಿಗೆ ಹೋದರೆ ‘ಹಿಂದುಮುಂದು’ ಇದೆ. ಎಡಬಲಕ್ಕೆ ಹತ್ತಿರ ಬರುವುದು ಅಂದರೆ ಮಕ್ಕಳಿಗೆ ‘ಚಪ್ಪಲಿ ಅದಲುಬದಲು ಹಾಕ್ಕೊಂಡಿದ್ದೀಯ’ ಅನ್ನುತ್ತೇವಲ್ಲ, ಅದು. ಆದರೆ ‘ಚಿತ್ರ ಅದಲುಬದಲಾಗಿದೆ’ ಅಂದರೆ ಬೇರೆ ಯಾರದೋ ಚಿತ್ರ ಬಂದಿದೆ ಅನ್ನಿಸುತ್ತದೆ. ‘ಕನ್ನಡಿ ಬಿಂಬ’ ಪಾಠಪುಸ್ತಕದಲ್ಲಿದೆ, ಆದರೆ ಅದರಿಂದ ಕ್ರಿಯಾಪದ ಮಾಡಲು ಆಗುವುದಿಲ್ಲ.

ಸದ್ಯಕ್ಕೆ ಆ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಗಾಡಿಯ ಬಲಗಡೆ ಒಬ್ಬರನ್ನು ನಿಲ್ಲಿಸಿ. ಸ್ಕ್ರೀನಿನಲ್ಲೂ ಬಲಗಡೆ ಕಂಡರೆ ಕುಣಿಕೆ ಮುಟ್ಟಬೇಡಿ. ಅಕ್ಷರ ಹೇಗಾದರೂ ಕಾಣಲಿ.’ ಕೆಲಸ ನಡೆಯುತ್ತದೆ, ಪದ ಇಲ್ಲದೆಯೇ. ಭಾವ ಕುಣಿಕೆಯನ್ನು ಮತ್ತೆ ಹೊಸೆದು ಟೇಪ್ ಸುತ್ತಿದ್ದಾರೆ.

ಆದರೂ ನನಗೆ ಸಮಾಧಾನವಿಲ್ಲ. ಅಚ್ಚುಮೊಳೆ ಜೋಡಿಸುತ್ತಿದ್ದವರು ದಿನವಿಡೀ ಇಂಥ ಅಕ್ಷರಗಳನ್ನೇ ಓದುತ್ತಿದ್ದರು. ರಬ್ಬರ್ ಸ್ಟಾಂಪ್ ಕೆತ್ತುವವರೂ ಅಷ್ಟೇ. ಅವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದೇ ಇರಬೇಕು. ನಿಮ್ಮ ಮನೆಯಲ್ಲಿ ಹಳೆಯ ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ ದಯವಿಟ್ಟು ಕೇಳಿ ನೋಡಿ: ಮೊಳೆಯ ಮೇಲಿನ ‘ಕ’ ಯಾವ ಕಡೆ ತಿರುಗಿದೆ ಅಂತ ಹೇಳಲು ಏನನ್ನುತ್ತಿದ್ದರು?