ಗ್ಯಾಸ್ ಬರ್ನರ್‌ಗೆ ಗಾಳಿ ತಾಗದಂತೆ ನಿಲ್ಲಿಸುವ ತಗಡಿಗೆ ಪದ ಬೇಕು (ತುರ್ತು)

ಮಿಲ್ವಾಕಿಯಿಂದ:
ಇಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಕನ್ನಡಿಗ ಗೆಳೆಯರಿಗಾಗಿ ಒಂದು ಪುಟದ ಸುರಕ್ಷತಾ ಸೂಚನೆಯನ್ನು ಅನುವಾದಿಸುತ್ತಿದ್ದೇನೆ. ನಾಳೆಯೇ ಮುದ್ರಣ. (1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದಾಗಿ ಇದು ಇಲ್ಲಿ ಕಾನೂನುಬದ್ಧ, ಯಾರೂ ಹುಬ್ಬೇರಿಸಬೇಡಿ.) ಹಿತ್ತಲಲ್ಲಿ ಪ್ರೊಪೇನ್ ಬರ್ನರ್ ಮೇಲೆ ಸುಮಾರು 20 ಲೀಟರ್ ಮಾಲ್ಟ್ ರಸವನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಸರೋವರದ ಕಡೆಯಿಂದ ಬೀಸುವ ಗಾಳಿ ಉರಿಯನ್ನು ಪಾತ್ರೆಯ ತಳದಿಂದ ಪಕ್ಕಕ್ಕೆ ಎಳೆದೊಯ್ಯುತ್ತದೆ. ಗ್ಯಾಸ್ ಖಾಲಿಯಾಗುತ್ತದೆ, ರಸ ಕುದಿಯುವುದಿಲ್ಲ. ಅದಕ್ಕೆ ತಗಡು ಬಾಗಿಸಿ ನಿಲ್ಲಿಸುತ್ತಾರೆ. ಅದನ್ನು ‘ವಾತರೋಧಕ’ ಎನ್ನಬಹುದೇ? ‘ಗಾಳಿರೋಧಕ’?

ಮೈಸೂರಿನಿಂದ:
ಮೊದಲನೆಯದು ಮಂಡಿನೋವಿನ ಎಣ್ಣೆಯ ಹೆಸರು. ಎರಡನೆಯದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ದೋಷ. ವೈಯಾಕರಣ ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಹೇಳಿಹೋದದ್ದನ್ನು ನಾನು ಮತ್ತೆ ಹೇಳುವುದಿಲ್ಲ.

ಧಾರವಾಡದಿಂದ:
ಕೇಶಿರಾಜನನ್ನು ಗ್ಯಾಸ್ ಒಲೆಯ ಹತ್ತಿರ ತರಬೇಡಿ. ‘ಗಾಳಿಕವಚ’ ಎನ್ನಿ, ಎಲ್ಲರಿಗೂ ಅರ್ಥವಾಗುತ್ತದೆ.

ಮೈಸೂರಿನಿಂದ:
ಅದೂ ಅರಿಸಮಾಸವೇ.

ಮಿಲ್ವಾಕಿಯಿಂದ:
ವ್ಯಾಕರಣ ಹೇಗಾದರೂ ಇರಲಿ, ಕವಚ ಎಂದರೆ ಅಪಾಯ. ಕವಚ ಮೈಯನ್ನೆಲ್ಲ ಮುಚ್ಚುತ್ತದೆ. ಓದಿದವನು ಬರ್ನರನ್ನು ಸುತ್ತಲೂ ಮುಚ್ಚಿದನೆಂದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಸಿಲಿಂಡರೂ ಆ ತಗಡಿನ ಒಳಗೇ ಉಳಿದರೆ ಕೇಳುವುದೇ ಬೇಡ. ಬುಡದಲ್ಲಿ ಸಂದು, ಒಂದು ಕಡೆ ತೆರವು, ಸಿಲಿಂಡರ್ ದೂರದಲ್ಲಿ ಮತ್ತು ತಗಡಿನ ಹೊರಗೆ. ಗಾಳಿಯ ರಭಸವನ್ನು ಮುರಿಯಬೇಕು, ಗಾಳಿಯನ್ನೇ ನಿಲ್ಲಿಸಬಾರದು. ಇಷ್ಟನ್ನು ಸೂಚಿಸುವ ಪದ ಬೇಕು.

ಶಿರಸಿಯಿಂದ:
‘ಗಾಳಿಮರೆ’. ದೀಪಕ್ಕೆ ಕೈ ಮರೆ ಹಿಡಿಯುವುದಿಲ್ಲವೇ? ಯಾರೂ ದೀಪವನ್ನು ಮುಷ್ಟಿಯೊಳಗೆ ಹಿಡಿಯುವುದಿಲ್ಲ. ಆಲೆಮನೆಯಲ್ಲಿ ಈ ತಾಪತ್ರಯವೇ ಇಲ್ಲ, ಒಲೆಯೇ ನೆಲದೊಳಗಿರುತ್ತದೆ. ಅಂದಹಾಗೆ ನಿಮ್ಮ ಪಾತ್ರೆಯನ್ನು ಕೊಪ್ಪರಿಗೆ ಎನ್ನಿ.

ಧಾರವಾಡದಿಂದ:
‘ಗಾಳಿ ಮರೆ’ ಎಂದು ಬಿಡಿಸಿ ಅಚ್ಚಾದರೆ, ಗಾಳಿಯನ್ನು ಮರೆತುಬಿಡು ಎಂಬ ಆಜ್ಞೆಯಾಗುತ್ತದೆ. ಸುರಕ್ಷತಾ ಸೂಚನೆಗೆ ಚೆನ್ನಾಗಿದೆ!

ಮೈಸೂರಿನಿಂದ:
ನಗುವ ಮೊದಲು ಹಳಗನ್ನಡ ನೋಡಿ. ಅಡಗಿಸುವ ಮರೆ, ಮರೆತುಬಿಡುವ ಮರೆ, ಎರಡೂ ಶಕಟರೇಫದ (ಹಳೆಯ ‘ಱ’ ಅಕ್ಷರದ) ‘ಮಱೆ’ಯೇ. ತಮಿಳಿನಲ್ಲಿ ಅಡಗಿಸುವುದಕ್ಕೆ ‘ಮಱೈ’, ಮರೆಯುವುದಕ್ಕೆ ‘ಮಱ’. ಮರೆತದ್ದು ಮನಸ್ಸಿಗೆ ಮರೆಯಾದದ್ದು ಎಂದು ನಾನು ಈ ಮಿಂಚಂಚೆ ಪಟ್ಟಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಯಾರು ಓದುತ್ತಾರೆ! ಇರಲಿ, ಗಾಳಿಮರೆಗೆ ನನ್ನ ಒಪ್ಪಿಗೆಯಿದೆ. ಆದರೆ ಬರ್ನರ್, ಸಿಲಿಂಡರ್ ಎರಡನ್ನೂ ತೆಗೆಯಿರಿ. ಅನುವಾದವೆಂದರೆ ಲಿಪ್ಯಂತರವಲ್ಲ.

ಮಂಗಳೂರಿನಿಂದ:
ಹಾಗಾದರೆ ಮನೆಯ ಚಾವಿಯನ್ನೂ ಅಲಮಾರನ್ನೂ ಪೋರ್ಚುಗೀಸರಿಗೆ ಹಿಂದಿರುಗಿಸಿ ಬನ್ನಿ, ಆಮೇಲೆ ಸಿಲಿಂಡರಿನ ಮಾತು.

ಮೈಸೂರಿನಿಂದ:
ಚಾವಿ ನಿಮ್ಮದು. ನಮ್ಮದು ಬೀಗದ ಕೈ.

ಧಾರವಾಡದಿಂದ:
ಸಿಲಿಂಡರಿಗೆ ಏನನ್ನುತ್ತೀರಿ? ಅನಿಲಕುಂಭವೇ? ಗ್ಯಾಸ್ ಏಜೆನ್ಸಿಗೆ ಫೋನ್ ಮಾಡಿ ಹಾಗೆ ಕೇಳಿ, ಉತ್ತರವನ್ನು ಇಲ್ಲಿ ಬರೆಯಿರಿ.

ಮಿಲ್ವಾಕಿಯಿಂದ:
ಹೀಗೆ ಕಳಿಸುತ್ತಿದ್ದೇನೆ: “ಗಾಳಿಮರೆಯನ್ನು ಗಾಳಿ ಬೀಸಿ ಬರುವ ಕಡೆಗೆ ಮಾತ್ರ ನಿಲ್ಲಿಸಿ. ಬರ್ನರನ್ನು ಸುತ್ತಲೂ ಮುಚ್ಚಬೇಡಿ. ಸಿಲಿಂಡರ್ ಮರೆಯ ಹೊರಗಿರಲಿ. ಗಾಳಿ ಜೋರಾಗಿದೆಯೆಂದು ಬರ್ನರನ್ನು ಗ್ಯಾರೇಜಿನೊಳಗೆ ಒಯ್ಯಬೇಡಿ. ಉರಿ ಆರಿದರೆ ತಕ್ಷಣ ಗ್ಯಾಸ್ ನಿಲ್ಲಿಸಿ. ಪ್ರೊಪೇನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ.” ಕೊಪ್ಪರಿಗೆಯನ್ನೂ ಸೇರಿಸಿಕೊಂಡಿದ್ದೇನೆ. ಸಿಲಿಂಡರ್ ಉಳಿಯುತ್ತದೆ.

ಮೈಸೂರಿನಿಂದ:
‘ಸುರಕ್ಷತಾ ಸೂಚನೆ’ ಎಂಬ ತಲೆಬರಹದ ಬಗ್ಗೆ ಯಾರೂ ಕೇಳಲಿಲ್ಲ. ಬೇರೆ ಚರ್ಚೆಯ ಎಳೆ ತೆರೆಯುತ್ತೇನೆ.