ಹಳ್ಳು ಬಿದ್ದ ಜಾಗಾ

ಹಾಂ ಯವ್ವಾ, ಈ ಗ್ರೂಪಿನ್ಯಾಗ ನಿನ್ನ ಮೆಸೇಜ್ ಈಗ ಕೇಳಿದೆ. ಟೈಪ್ ಮಾಡೂದು ನನಗ ಬಗಿಹರಿಯೂದಿಲ್ಲ, ಚಾಳೀಸು ಬ್ಯಾರೆ ಎಲ್ಲಿಟ್ಟೀನೋ ಏನೋ. ಬಾಯಿಲೇ ಹೇಳ್ತೀನಿ, ಉದ್ದ ಆಕ್ಕೈತಿ, ರೊಟ್ಟಿ ಬಡಕೋಂತ ಕೇಳು.

ಹುಬ್ಬಳ್ಳ್ಯಾಗ ನಿನ್ನ ಮಗಳ ಸಾಲ್ಯಾಗ ಶನಿವಾರ ಪಾಲಕರನ್ನ ಕರದಾರ, ಮಕ್ಕಳ ಸುರಕ್ಷತಾ ಸಲುವಾಗಿ ಏನು ಸುಧಾರಿಸಬೇಕು ಅಂತ ಕೇಳ್ತಾರ, ಏನು ಹೇಳ್ಲಿ ಅತ್ತಿ ಅಂದಿ. ಅದರ ಕೆಳಗ ಅಳಿಯಾರು ‘ಕ್ಯಾಮೆರಾ ಜಾಸ್ತಿ ಹಾಕ್ರಿ ಅನ್ನು, ಮುಗೀತು’ ಅಂದಾರ. ಅಳಿಯಾರ, ಸಿಟ್ಟಾಗಬ್ಯಾಡ್ರಿ. ಕ್ಯಾಮೆರಾ ಇರ್ಲಿ. ಆದ್ರ ಪಾಯಖಾನಿಯೊಳಗ ಕ್ಯಾಮೆರಾ ಹಾಕಾಕ ಬರತೈತೇನ್ರಿ? ಹುಡುಗೂರು ಅಂಜೂದು ಅಂಥಲ್ಲೇ.

ನಮ್ಮೂರ ಸಾಲಿದು ಹೇಳ್ತೀನಿ ಕೇಳ್ರಿ. ಸರಕಾರಿ ಸಾಲ್ಯಾಗ ಎಸ್‌ಡಿಎಂಸಿ ಅಂತ ಸಾಲಿ ಮೇಲುಸ್ತುವಾರಿ ಸಮಿತಿ ಇರತೈತಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅದರಾಗ ನಾಲ್ಕರಾಗ ಮೂರು ಪಾಲು ಪಾಲಕರು, ಅರ್ಧ ಮಂದಿ ಹೆಣ್ಣುಮಕ್ಕಳು ಇರಬೇಕು. ಆ ಅರ್ಧದಾಗ ನಾನೂ ಒಬ್ಬಾಕಿ, ಮೊಮ್ಮಗಳನ್ನ ನಾನೇ ಸಾಕತೀನಲ್ಲ. ಮೊದಲಿನ ಎರಡು ವರ್ಷ ನಾವು ಮಾಡಿದ್ದೇನು? ಚಾ ಕುಡದು ಸಹಿ ಮಾಡಿದ್ವಿ. ಹೆಡ್‌ಮಾಸ್ತರ ಖೋಲಿ ಬಾಗಲಕ್ಕ ಒಂದು ಸಲಹಾ ಪೆಟ್ಟಿಗಿ ತೂಗು ಹಾಕಿದ್ರು. ವರ್ಷ ಆದಮ್ಯಾಲೆ ತಗದ್ರ ಒಳಗ ಎರಡು ಚಾಕಲೇಟ್ ಹಾಳಿ, ಒಂದು ಚೀಟಿ: ‘ಶನಿವಾರ ಪೂರಾ ಸೂಟಿ ಕೊಡ್ರಿ’. ಎಲ್ಲಾರೂ ನಕ್ಕು, ನಮ್ಮ ಸಾಲ್ಯಾಗ ತೊಂದರಿ ಇಲ್ಲ ಅಂತ ಬರದ್ವಿ. ಹೆಡ್‌ಮಾಸ್ತರ ಕಣ್ಣಮುಂದ ಚೀಟಿ ಹಾಕೂ ಧೈರ್ಯ ಯಾವ ಹುಡುಗಗ ಇರತೈತಿ, ಇದು ನಮ್ಮ ತಲಿಗೆ ಹೊಳೀಲೇ ಇಲ್ಲ.

ಆಮ್ಯಾಲೆ ಒಬ್ಬ ಅಕ್ಕೋರು ಹೊಸದಾಗಿ ಬಂದ್ರು. ಅವರು ಒಂದಿನ ಅಂಗಳದಾಗ ಸುಣ್ಣದಲೆ ಸಾಲಿ ನಕಾಶಿ ಬರಸಿದ್ರು. ಖೋಲಿ, ಗೇಟು, ನೀರಿನ ಟಾಕಿ, ಬಿಸಿಯೂಟದ ಅಡಗಿಮನಿ, ಎಲ್ಲಾ. ಹುಡುಗೂರ ಕೈಯಾಗ ಹುಣಸಿ ಬೀಜ, ಸಣ್ಣ ಕಲ್ಲಿನ ಹಳ್ಳು ಕೊಟ್ರು. ಚೊಲೊ ಅನಸೂ ಜಾಗಾದಾಗ ಬೀಜ ಇಡ್ರಿ, ಅಂಜಿಕಿ ಬರೂ ಜಾಗಾದಾಗ ಹಳ್ಳು ಇಡ್ರಿ, ಯಾರೂ ಬಾಯಿ ಬಿಡಬ್ಯಾಡ್ರಿ ಅಂದ್ರು. ನಾವೆಲ್ಲಾ ಗೇಟಿನ ಮುಂದ ಹಳ್ಳು ಬೀಳತಾವು, ಲಾರಿ ಅಡ್ಡಾಡತಾವಲ್ಲ ಅಂತ ನಿಂತಿದ್ವಿ. ಗೇಟಿಗೆ ಮೂರೋ ನಾಲ್ಕೋ. ಟಾಕಿ ಹಿಂದ ಒಂದು ಬೊಗಸಿ. ಹೆಣ್ಣುಹುಡುಗೂರ ಪಾಯಖಾನಿ ಮ್ಯಾಲೆ ಗುಂಪಿ ಬಿದ್ದಿತ್ತು ನೋಡು, ಗುಂಪಿ.

ಚಿಲಕ ಇದ್ದಿದ್ದಿಲ್ಲ. ಅಷ್ಟೇ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಬಾಗಲಾ ಹಿಡೀಬೇಕು. ಹಂಗಾಗಿ ದೊಡ್ಡ ಹುಡುಗೂರು ಮುಂಜಾನಿಂದ ಸಂಜೀತನಕ ನೀರೇ ಕುಡೀತಿದ್ದಿಲ್ಲ. ನನ್ನ ಮೊಮ್ಮಗಳು ದಿನಾ ತಲಿನೋವು ಅಂತಿದ್ಲು, ಬಿಸಲಾಗ ಕುಣೀತಿ, ನೋಯದ ಏನಾಕ್ಕೈತಿ ಅಂತ ನಾನೇ ಬೈದೀನಿ. ಸಣ್ಣ ಚಿಲಕಿನ ಮಾತು, ಆದ್ರ ಗಂಡಸರು ತುಂಬಿದ ಮೀಟಿಂಗಿನ್ಯಾಗ ಯಾವಾಕಿ ಎದ್ದು ಹೇಳ್ಯಾಳು?

ಚಿಲಕ ಮರದಿನಾನೇ ಬಂತು. ಟಾಕಿ ಹಿಂದ ದೀಪ ಬೇಕು ಅಂತ ಹುಡುಗೂರೇ ಪಂಚಾಯ್ತಿ ಮಕ್ಕಳ ಗ್ರಾಮಸಭಾದಾಗ ಕೇಳಿದ್ರು. ಅದಿನ್ನೂ ಬಂದಿಲ್ಲ. ಪ್ರಾರ್ಥನಾ ಆದಮ್ಯಾಲೆ ಅಕ್ಕೋರು ಎರಡೂ ಹೇಳ್ತಾರ: ಇದು ಆತು, ಇದು ಆಗಿಲ್ಲ, ಯಾಕ ಆಗಿಲ್ಲ. ಪೆಟ್ಟಿಗೀನ ವರಾಂಡದ ಮೂಲಿಗೆ ಹಾಕಿದ್ವಿ, ಒಂದು ಕೀಲಿ ಅಕ್ಕೋರ ಕಡೆ, ಒಂದು ನನ್ನ ಕಡೆ. ಈಗ ಚೀಟಿ ಬೀಳತಾವು ನೋಡು, ಆಟೋದಾಗ ಡ್ರೈವರ್ ಪಕ್ಕ ಒತ್ತಿ ಕೂಡಸ್ತಾರ ಅನ್ನೂದೂ ಹಂಗೇ ಗೊತ್ತಾತು.

ತಾಯಂದ್ರನ್ನ ಕೇಳೂದೂ ಹಂಗ. ಹೆಸರಕಾಯಿ ಬಿಡಸೂ ಸುಗ್ಗ್ಯಾಗ ಹನ್ನೊಂದು ಗಂಟೇಕ ಮೀಟಿಂಗ್ ಇಟ್ಟು, ಪಾಲಕರಿಗೆ ಕಾಳಜಿ ಇಲ್ಲ ಅಂತಿದ್ರು! ಈಗ ಅಮಾಸಿ ದಿನ ಇಡ್ತೀವಿ. ಅವತ್ತು ಹೊಲದ ಕೆಲಸ ಇರೂದಿಲ್ಲ, ಎಲ್ಲಾರೂ ಬರ್ತಾರ.

ಇನ್ನೊಂದು. ಯಾರರೆ ಮಗೂನ ಮೈ ಮುಟ್ಯಾರ ಅಂಥ ಮಾತು ಬಂದ್ರ ಮೀಟಿಂಗ್ ಕೂಡಸೂದಲ್ಲ, ಮಗೂನ ನಾಲ್ಕು ಮಂದಿ ಮುಂದ ನಿಂದರಿಸಿ ಕೇಳೂದೂ ಅಲ್ಲ. 2012ರ ಪೋಕ್ಸೋ ಕಾಯ್ದೆದಾಗ ಗೊತ್ತಾದವರು ಪೊಲೀಸರಿಗೆ ತಿಳಸಲೇಬೇಕು. ಕೈಕೆಳಗಿನವರು ಮಾಡಿದ್ದನ್ನ ಮುಖ್ಯಸ್ಥರು ತಿಳಸದ ಮುಚ್ಚಿಟ್ರ ಅವರಿಗೇ 1 ವರ್ಷದತನಕ ಜೈಲು. ಮಕ್ಕಳ ಸಹಾಯವಾಣಿ 1098, ಅದನ್ನ ನಿನ್ನ ಮಗಳಿಗೆ ಬಾಯಿಪಾಠ ಮಾಡಸು. ಮತ್ತ ಮೊನ್ನೆ ಈ ಗ್ರೂಪಿನ್ಯಾಗ ಯಾವುದೋ ಹುಡುಗಿ ಫೋಟೋ ಹಾಕಿ ‘ಹಿಂಗಾತಂತ’ ಅಂದ್ರಲ್ಲ, ಯಾರಂತ ಹೇಳೂದಿಲ್ಲ, ಅದನ್ನ ತಗೀರಿ. ಮಗೂನ ಗುರುತು ಬಯಲು ಮಾಡೂದು ಅದೇ ಕಾಯ್ದೆದಾಗ ಅಪರಾಧ.

ನಿಮ್ಮದು ಖಾಸಗಿ ಸಾಲಿ, ನಮ್ಮಂಗ ಎಸ್‌ಡಿಎಂಸಿ ಇರೂದಿಲ್ಲ. ಅದಕ್ಕ ತಾವಾಗಿ ಕರದಾಗ ಬಿಡಬ್ಯಾಡ. ಪೆಟ್ಟಿಗಿ ಐತೇನು, ಕೀಲಿ ಯಾರ ಕಡೆ, ಹೋದ ವರ್ಷ ಹುಡುಗೂರು ಹೇಳಿದ್ದರಾಗ ಏನೇನಾತು ಅಂತ ಕೇಳು. ಹೋಗೂಕಿಂತ ಮೊದಲ ನಿನ್ನ ಮಗಳನ್ನ ಕೇಳು. ಎದುರು ಕುಂದರಿಸಿ ಅಲ್ಲ, ಹೆಳಲು ಹಾಕೂಮುಂದ ಕೇಳು, ಬೆನ್ನು ನಿನ್ನ ಕಡೆ ಇದ್ರ ಮಾತು ಸಲೀಸ ಬರತಾವು. ಮತ್ತ ಮೀಟಿಂಗಿನ್ಯಾಗ ನೀ ಹೇಳಿದ್ದು ನಡಾವಳಿ ಪುಸ್ತಕದಾಗ ಬರದಾರೇನು ನೋಡು, ಓದಿ ಸಹಿ ಮಾಡು. ಖಾಲಿ ಹಾಳಿ ಮ್ಯಾಲೆ ಮಾಡಬ್ಯಾಡ, ನಾ ಎರಡು ವರ್ಷ ಮಾಡೀನಿ.