ಸಹಾಯ ಬೇಕು: ಕಾಸರಗೋಡು–ದಕ್ಷಿಣ ಕನ್ನಡ ಗಡಿಭಾಗದ ನಕ್ಷೆಗಳು

ಸದಸ್ಯರೆಲ್ಲರಿಗೂ ನಮಸ್ಕಾರ. ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾದ ಎಂಡೋಸಲ್ಫಾನ್ ಕೀಟನಾಶಕವು ಜನರ ಆರೋಗ್ಯದ ಮೇಲೆ ಬೀರಿದ ಪರಿಣಾಮವನ್ನು, ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳೆರಡನ್ನೂ ಒಂದೇ ನಕ್ಷೆಯಲ್ಲಿಟ್ಟು ಅಧ್ಯಯನ ಮಾಡುತ್ತಿದ್ದೇನೆ. ಪಯಸ್ವಿನಿ ನದಿ ಸುಳ್ಯವನ್ನು ಹಾದು ಕಾಸರಗೋಡಿನತ್ತ ಹರಿಯುತ್ತದೆ; ನನ್ನ ಬಳಿಯಿರುವ ನಕ್ಷೆಗಳು ಮಾತ್ರ ರಾಜ್ಯದ ಗಡಿಯಲ್ಲಿಯೇ ನಿಂತುಬಿಡುತ್ತವೆ, ಗ್ರಾಮಗಳ ಎಲ್ಲೆಗಳೂ ಒಂದಕ್ಕೊಂದು ಕೂಡುವುದಿಲ್ಲ.

ಆದ್ದರಿಂದ ಎರಡೂ ಕಡೆಯ ತೊರೆ, ಬಾವಿ, ಹಳೆಯ ಗೇರುತೋಟ ಹಾಗೂ ಪಂಚಾಯಿತಿ ವಾರ್ಡುಗಳ ಡಿಜಿಟಲ್ ನಕ್ಷೆಗಳಿದ್ದವರು, ಮಲಯಾಳದಲ್ಲಿದ್ದರೂ ಸರಿ, ದಯವಿಟ್ಟು ಹಂಚಿಕೊಳ್ಳಬೇಕೆಂದು ಕೋರುತ್ತೇನೆ. ಇಲ್ಲಿನ ಅನೇಕ ಮನೆಗಳು ಗುಡ್ಡ ಕೊರೆದು ಮಾಡಿದ ಸುರಂಗಗಳ ನೀರನ್ನೇ ನೆಚ್ಚಿಕೊಂಡಿರುವುದರಿಂದ, ಸುರಂಗಗಳನ್ನು ಗುರುತಿಸಿರುವ ನಕ್ಷೆಯಿದ್ದರೆ ಅದು ಅತ್ಯಂತ ಅಮೂಲ್ಯ. ಸಂತ್ರಸ್ತರ ಹೆಸರು, ಮನೆಸಂಖ್ಯೆಗಳನ್ನು ದಯಮಾಡಿ ಕಳುಹಿಸಬೇಡಿ. ವಾರ್ಡಿನ ಮಟ್ಟದ ಮಾಹಿತಿಯೇ ಸಾಕು.